ಆ ಸಂಜೆ ಕರೆಂಟ್ ಹೋಗಿರಲಿಲ್ಲ

ಕಾಪುವಿನ ದೀಪಸ್ತಂಭದ ಬಂಡೆಯ ಬುಡದಲ್ಲಿ, ಒಂದು ಭಾನುವಾರ ಸಂಜೆ, ನನ್ನ ಮೊಬೈಲ್ ಸಮುದ್ರಕ್ಕೆ ಬಿತ್ತು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಚಪ್ಪಲಿಯನ್ನೂ ಮೊಬೈಲನ್ನೂ ಒಟ್ಟಿಗೆ ಹಿಡಿದು ನೀರಿನಲ್ಲಿ ನಿಂತಿದ್ದೆ. ದೊಡ್ಡ ತೆರೆ ಬಂದು ಕಾಲು ಎಳೆಯಿತು. ಆ ಗಾಬರಿಯಲ್ಲಿ ನಾನು ಉಳಿಸಿಕೊಂಡದ್ದು ಚಪ್ಪಲಿಯನ್ನು. ಮುಂದಿನ ತೆರೆ ಮೊಬೈಲನ್ನು ಮರಳಿನ ಮೇಲೆ ತಂದು ಹಾಕಿದ್ದೇನೋ ನಿಜ, ಆದರೆ ಅದರೊಳಗೆ ಜೀವ ಇರಲಿಲ್ಲ.

ನಾವು ಆರೇಳು ಮಂದಿ ಶಿಕ್ಷಕಿಯರು ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಉಡುಪಿಗೆ ಬಂದಿದ್ದೆವು. ಭಾನುವಾರ ರಜೆ, ಹಾಗಾಗಿ ಕಾಪುವಿಗೆ ಹೋಗಿದ್ದೆವು. ನಾನು ಕಾರ್ಕಳದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಆಗ ಮನೆ ಅಜೆಕಾರಿನಲ್ಲಿ. ಅಲ್ಲಿಂದ ಉಡುಪಿಗೆ ದಿನವೂ ಹೋಗಿ ಬರುವುದಕ್ಕೆ ಆಗದು ಎಂದೇನಿಲ್ಲ, ಎಷ್ಟೋ ಮಂದಿ ಹಾಗೆಯೇ ಮಾಡುತ್ತಿದ್ದರು. ನಾನು ಮಾತ್ರ ಬಸ್ಸು ಸರಿಯಾಗುವುದಿಲ್ಲ ಎಂದು ಮನೆಯಲ್ಲಿ ಹೇಳಿ, ಕುಂದಾಪುರ ಕಡೆಯ ಒಬ್ಬ ವಿಜ್ಞಾನ ಶಿಕ್ಷಕಿಯ ಜೊತೆ ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಪೂರ್ತಿ ನಿಜ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಂಡ ತೀರಿಕೊಂಡು ಆಗ ಹನ್ನೊಂದು ವರ್ಷ. ನಮಗೆ ಮಕ್ಕಳಿಲ್ಲ. ಅತ್ತೆ, ಮೈದುನ, ಅವನ ಹೆಂಡತಿ, ಅವರ ಮಗಳು ಇರುವ ಮನೆಯಲ್ಲಿಯೇ ನಾನು ಉಳಿದೆ. ಅವರು ಯಾರೂ ನನ್ನನ್ನು ಕಡೆಗಣಿಸಿದವರಲ್ಲ. ಊಟಕ್ಕೆ ನನ್ನನ್ನು ಕಾಯುತ್ತಿದ್ದರು, ಜ್ವರ ಬಂದರೆ ಕೂತು ಕಷಾಯ ಕುಡಿಸುತ್ತಿದ್ದರು. ಆದರೆ ಆ ಮನೆಯಲ್ಲಿ ಒಬ್ಬರ ಫೋನಿನ ಮಾತು ಎಲ್ಲರಿಗೂ ಕೇಳುತ್ತದೆ, ಒಬ್ಬರಿಗೆ ಬಂದ ಕಾಗದವನ್ನು ಯಾರು ಮೊದಲು ಕಂಡರೋ ಅವರು ಒಡೆಯುತ್ತಾರೆ. ಅದರಲ್ಲಿ ಕೆಟ್ಟ ಬುದ್ಧಿ ಏನಿಲ್ಲ, ಮುಚ್ಚಿಡುವಂಥದ್ದು ಇರಬಹುದು ಎಂದು ಯಾರಿಗೂ ತೋಚಿರಲಿಲ್ಲ, ಅಷ್ಟೆ. ನನಗೂ ತೋಚಿರಲಿಲ್ಲ, ಐವತ್ತನೆಯ ವರ್ಷದವರೆಗೆ.

ನನ್ನದು ಎನ್ನುವ ಜಾಗ ಅಜೆಕಾರಿನಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನ ಕಿಟಕಿಯ ಬದಿಯ ಸೀಟು. ಅಲ್ಲಿ ಕೂತು ಒಂದು ದಿನ, ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ, ಮರುಮದುವೆಯ ಒಂದು ವೆಬ್‌ಸೈಟಿನಲ್ಲಿ ನನ್ನ ಹೆಸರು ಬರೆದೆ. ಬಂದ ಉತ್ತರಗಳಲ್ಲಿ ಹೆಚ್ಚಿನವನ್ನು ಅಳಿಸಿದೆ. ಒಂದನ್ನು ಅಳಿಸಲಿಲ್ಲ. ಉಡುಪಿ ಹತ್ತಿರದ ಮಟ್ಟುವಿನವರು, ವಯಸ್ಸು ಐವತ್ತಾರು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಗಲ್ಫಿನ ಹಡಗುಗಳ ಇಂಜಿನ್ ಕೋಣೆಯಲ್ಲಿ ದುಡಿದು, ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಬಂದು ಗುಳ್ಳ ಬದನೆ ಬೆಳೆಸುತ್ತಿದ್ದರು. ಮೊದಲ ಪತ್ರದಲ್ಲೇ ತಮ್ಮ ಬಗ್ಗೆ ನಾಲ್ಕು ಸಾಲು, ಗುಳ್ಳದ ಗಿಡಕ್ಕೆ ಹಿಡಿದ ರೋಗದ ಬಗ್ಗೆ ಒಂದು ಪುಟ ಬರೆದಿದ್ದರು. ಸುಳ್ಳು ಹೇಳುವ ಮನುಷ್ಯ ಹಾಗೆ ಬರೆಯಲಾರ ಎಂದು ನನಗೆ ಅನ್ನಿಸಿತು.

ಫೋನ್ ಮಾಡಬೇಡಿ, ಇಮೇಲ್ ಮಾತ್ರ ಬರೆಯಿರಿ ಎಂದು ನಾನೇ ಹೇಳಿದ್ದೆ. ಅವರ ನಂಬರನ್ನೂ ಕೇಳಿರಲಿಲ್ಲ. ಏಳೆಂಟು ತಿಂಗಳು ಹಾಗೆಯೇ ನಡೆಯಿತು. ಮೌಲ್ಯಮಾಪನಕ್ಕೆ ಉಡುಪಿಗೆ ಬರುತ್ತೇನೆ ಎಂದು ಬರೆದಾಗ, ಕೊನೆಯ ದಿನ, ಗುರುವಾರ, ಒಮ್ಮೆ ಎದುರು ಕೂತು ಮಾತಾಡಬಹುದೇ ಎಂದು ಕೇಳಿದರು. ಬುಧವಾರದೊಳಗೆ ಜಾಗ ಮತ್ತು ಹೊತ್ತು ತಿಳಿಸುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಆ ಹೊತ್ತಿಗೆ ಸರಿಯಾಗಿ ಮೊಬೈಲ್ ಉಪ್ಪುನೀರು ಕುಡಿಯಿತು.

ಸೋಮವಾರ ಸಂಜೆ ಲಾಡ್ಜಿನ ಮ್ಯಾನೇಜರನ್ನು ಕೇಳಿ ಒಂದು ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಹೋದೆ. ಸಣ್ಣ ಓಣಿಯಲ್ಲಿ, ದರ್ಜಿ ಅಂಗಡಿಗೂ ಹಣ್ಣಿನ ಅಂಗಡಿಗೂ ನಡುವೆ ಇತ್ತು. ಒಂದು ಜೆರಾಕ್ಸ್ ಯಂತ್ರ, ಒಂದು ಲ್ಯಾಮಿನೇಶನ್ ಯಂತ್ರ, ಮೂರು ಕಂಪ್ಯೂಟರುಗಳು. ನಡೆಸುವವರು ನಲವತ್ತರ ಆಸುಪಾಸಿನ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು. ಫೋನಿನಲ್ಲಿ ಬ್ಯಾರಿ ಭಾಷೆ, ಹಣ್ಣಿನವನ ಜೊತೆ ತುಳು, ನಾನು ಟೀಚರ್ ಎಂದು ಗೊತ್ತಾದ ಮೇಲೆ ನನ್ನ ಜೊತೆ ಅಚ್ಚುಕಟ್ಟಾದ ಕನ್ನಡ. ಕಂಪ್ಯೂಟರುಗಳ ಮುಖ ಗೋಡೆಯ ಕಡೆಗಿತ್ತು. ಗೋಡೆಗೂ ಮೇಜಿಗೂ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ, ಗೋಡೆಗೆ ಬೆನ್ನು ಕೊಟ್ಟು ಕೂರಬೇಕು. ಪರದೆಯಲ್ಲಿ ಏನಿದೆಯೆಂದು ಕೂತವರಿಗಲ್ಲದೆ ಬೇರೆಯವರಿಗೆ ಕಾಣುವಂತಿರಲಿಲ್ಲ. ಇದೆಂಥ ಅನನುಕೂಲದ ಅಂಗಡಿ ಎಂದುಕೊಂಡೆ.

ಇಮೇಲಿನ ಗುಪ್ತಪದ ನೆನಪಿತ್ತು. ಆದರೆ ಹೊಸ ಕಂಪ್ಯೂಟರ್ ಎಂದು ಅದು ಮೊಬೈಲಿಗೆ ಬಂದ ಸಂಖ್ಯೆಯನ್ನು ಕೇಳಿತು. ಮೊಬೈಲ್ ಸತ್ತಿದೆ ಎಂದೆ. ಅವರು ಮೇಜಿನ ಖಾನೆಯಿಂದ ಒಂದು ಹಳೆಯ ಕೀಪ್ಯಾಡ್ ಫೋನ್ ತೆಗೆದು ನನ್ನ ಕೈಗೆ ಕೊಟ್ಟು, ನಿಮ್ಮ ಸಿಮ್ಮನ್ನು ಇದಕ್ಕೆ ಹಾಕಿ, ಸಂಖ್ಯೆ ಬಂದ ಮೇಲೆ ತೆಗೆದು ಕೊಡಿ ಎಂದರು. ಇಂಥವರು ಬರುತ್ತಲೇ ಇರುತ್ತಾರೆ, ಅದಕ್ಕೆ ಒಂದು ಇಟ್ಟಿದ್ದೇನೆ ಎಂದೂ ಹೇಳಿದರು. ಸಂಖ್ಯೆ ಬಂದಾಗ ಅವರು ಆ ಕಡೆ ತಿರುಗಿ ನಿಂತಿದ್ದರು. ಆ ಮೇಲೆ ಒಂದು ಪಾಠವೂ ಆಯಿತು. ಗುಪ್ತಪದ ಉಳಿಸಿಡಬೇಕಾ ಎಂದು ಕೇಳಿದರೆ ಬೇಡ ಎನ್ನಬೇಕು. ಮುಗಿದ ಮೇಲೆ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಏಳಬಾರದು, ಅದರಿಂದ ಕಿಟಕಿ ಮುಚ್ಚುತ್ತದೆ, ಖಾತೆ ಮುಚ್ಚುವುದಿಲ್ಲ. ಮೊದಲು ಲಾಗ್ ಔಟ್ ಆಗಬೇಕು. ಫೈಲ್ ಇಳಿಸಿದ್ದರೆ ಅಳಿಸಬೇಕು. ಇಪ್ಪತ್ತೈದು ವರ್ಷ ಮಕ್ಕಳಿಗೆ ಗುಣಾಕಾರ ಕಲಿಸಿದವಳಿಗೆ ಗುಣಾಕಾರ ಚಿಹ್ನೆಯ ಪಾಠ. ಗೊತ್ತು, ಗೊತ್ತು ಎಂದೆ, ಸ್ವಲ್ಪ ಬಿಗಿಯಾಗಿಯೇ.

ಸೋಮವಾರವೂ ಮಂಗಳವಾರವೂ ಅವರು ಹೇಳಿದಂತೆಯೇ ಮಾಡಿದೆ. ಬುಧವಾರ ಮಟ್ಟುವಿನಿಂದ ದೊಡ್ಡ ಪತ್ರ ಬಂದಿತ್ತು. ಎದುರು ಕೂರುವ ಮೊದಲು ಒಂದು ವಿಷಯ ತಿಳಿದಿರಲಿ ಎಂದು ಬರೆದಿದ್ದರು. ಇಂಜಿನ್ ಕೋಣೆಯ ಸದ್ದಿನಿಂದ ಅವರ ಎಡಗಿವಿ ಪೂರ್ತಿ ಹೋಗಿದೆಯಂತೆ. ವೆಬ್‌ಸೈಟಿನಲ್ಲಿ ಬರೆಯಲು ನಾಚಿಕೆಯಾಗಿ ಬಿಟ್ಟಿದ್ದರಂತೆ. ಈ ಕಾರಣಕ್ಕೆ ನೀವು ಬಾರದಿದ್ದರೆ ನನಗೆ ಬೇಸರವಿಲ್ಲ ಎಂದು ಕೊನೆಯ ಸಾಲು. ನಾನು ಉತ್ತರ ಬರೆಯಲು ಕೂತೆ. ಜಾಗ, ಹೊತ್ತು ಎರಡೇ ಸಾಲಿನಲ್ಲಿ ಮುಗಿಯಬೇಕಾದದ್ದು ಬೆಳೆಯುತ್ತಾ ಹೋಯಿತು. ಹನ್ನೊಂದು ವರ್ಷದಲ್ಲಿ ಯಾರಿಗೂ ಹೇಳದ್ದನ್ನೆಲ್ಲ ಬರೆದೆ. ಮನೆ ತುಂಬ ಜನ ಇದ್ದೂ ಕೆಲವು ದಿನ ಒಂದು ಮಾತನ್ನೂ ನನಗಾಗಿ ಆಡಿರುವುದಿಲ್ಲ ಎಂದು ಬರೆದೆ. ಕಿವಿಯ ಬಗ್ಗೆ, ಬಲಗಡೆ ಕೂರುತ್ತೇನೆ ಎಂದಷ್ಟೇ ಬರೆದೆ.

ಕಳುಹಿಸುವ ಗುಂಡಿ ಒತ್ತಿದ್ದೇ ತಡ, ನನ್ನ ಕೋಣೆಯ ಗೆಳತಿ ಬಾಗಿಲಲ್ಲಿ ಬಂದು ನಿಂತಳು. ನಮ್ಮಿಬ್ಬರಿಗೂ ಬೇಕಾದ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿಗೆ ಮಣಿಪಾಲದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು, ಅವರನ್ನು ನೋಡಿಬರುವುದೆಂದು ಮಾತಾಗಿತ್ತು. ರಿಕ್ಷಾ ನಿಂತಿದೆ, ಬೇಗ ಬಾ ಎಂದಳು. ಅವಳು ಮೇಜಿನ ಈಚೆ ಬಂದು ಪರದೆ ನೋಡಿಯಾಳು ಎಂಬ ಹೆದರಿಕೆಯಲ್ಲಿ ನಾನು ಮೂಲೆಯ ಗುಣಾಕಾರ ಚಿಹ್ನೆ ಒತ್ತಿದೆ. ಕಿಟಕಿ ಮುಚ್ಚಿತು. ಸಿಮ್ಮನ್ನು ಪರ್ಸಿಗೆ ಹಾಕಿಕೊಂಡು ಓಡಿದೆ.

ಮಣಿಪಾಲದ ಆ ಕೋಣೆಯಲ್ಲಿ ಮುಖ್ಯೋಪಾಧ್ಯಾಯಿನಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿಂಬಿಗೆ ಒರಗಿದ್ದರು. ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟು, ಬಂದ ಸಂದೇಶಗಳನ್ನು ಸ್ವಲ್ಪ ಓದಿ ಹೇಳು ಎಂದರು. ನಾನು ಒಂದೊಂದಾಗಿ ಓದುತ್ತಿದ್ದೆ. ಒಂದು ಹೆಸರು ಹೇಳಿದಾಗ ಅವರು ಕೈ ಅಡ್ಡ ತಂದು, ಅದನ್ನು ಓದಬೇಡ, ಅದು ನನಗೆ ಬಂದದ್ದು ಎಂದರು. ಎಲ್ಲವೂ ಅವರಿಗೇ ಬಂದದ್ದು. ಆದರೂ ಆ ಮಾತಿನ ಅರ್ಥ ನನಗೆ ಒಮ್ಮೆಲೇ ಆಯಿತು, ಮತ್ತು ಅದರ ಜೊತೆಗೇ ಉಡುಪಿಯ ಆ ಕಂಪ್ಯೂಟರು ಕಣ್ಣೆದುರು ಬಂತು. ನಾನು ಕಿಟಕಿ ಮಾತ್ರ ಮುಚ್ಚಿದ್ದೆ. ಒಳಗಿನದೆಲ್ಲ ಹಾಗೆಯೇ ತೆರೆದಿತ್ತು. ಇನ್ನು ಯಾರೇ ಬಂದು ಅಲ್ಲಿ ಕೂತು ಇಮೇಲ್ ತೆರೆದರೂ, ಮೊದಲು ಕಾಣುವುದು ನನ್ನ ಎಂಟು ತಿಂಗಳು.

ಬೇರೆ ಕಡೆಯಿಂದಲೂ ಗುಪ್ತಪದ ಬದಲಿಸಬಹುದು ಎಂದು ಗೊತ್ತಿತ್ತು. ಅದಕ್ಕೆ ಆ ಮುಖ್ಯೋಪಾಧ್ಯಾಯಿನಿಯ ಮೊಬೈಲೋ ಗೆಳತಿಯ ಮೊಬೈಲೋ ಬೇಕು, ಅದರಲ್ಲಿ ನನ್ನ ಸಿಮ್ ಹಾಕಬೇಕು, ಯಾಕೆ ಏನು ಎಂದು ಹೇಳಬೇಕು. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಎದ್ದೆ. ಗೆಳತಿ ಜೊತೆಗೆ ಬರುತ್ತೇನೆಂದದ್ದನ್ನೂ ಬೇಡವೆಂದು, ಇಳಿಜಾರಿನ ರಸ್ತೆಗೆ ಬಂದು ಉಡುಪಿಯ ಬಸ್ಸು ಹತ್ತಿದೆ. ಸೀಟು ಖಾಲಿ ಇತ್ತು. ಕೂರಲು ಆಗಲಿಲ್ಲ.

ಓಣಿಗೆ ಬಂದಾಗ ಅಂಗಡಿಯ ಶಟರ್ ಇಳಿದಿತ್ತು. ಬೀಗ ಹಾಕಿತ್ತು. ಹಣ್ಣಿನವನು, ನಮಾಜಿಗೆ ಹೋಗಿದ್ದಾರೆ, ಈಗ ಬರುತ್ತಾರೆ, ಮನೆ ಇಲ್ಲೇ ಹಿಂದೆ ಎಂದ. ಅಂಗಡಿಯ ಮೆಟ್ಟಿಲ ಮೇಲೆ ಕಾಲು ಗಂಟೆ ಕೂತಿದ್ದೆ. ಇದರಲ್ಲಿ ಏನು ತಪ್ಪಿದೆ, ಯಾರು ನೋಡಿದರೆ ಏನು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಹೆದರಿಕೆ ಹೋಗಲಿಲ್ಲ. ನಾಚಿಕೆಯಿಂದ ಅಲ್ಲ ಎಂದು ಅಲ್ಲಿ ಕೂತೇ ತಿಳಿಯಿತು. ಅತ್ತೆಗೆ ಈ ವಿಷಯವನ್ನು ಹೇಗೆ ಹೇಳುವುದು ಎಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಮಾತು ಜೋಡಿಸಿ ನೋಡಿದ್ದೆ. ಮೊದಲ ವಾಕ್ಯ ಯಾವುದು, ಯಾವ ಹೊತ್ತಿನಲ್ಲಿ, ಅವರು ಏನು ಮಾಡುತ್ತಿರುವಾಗ ಎಂಬುದನ್ನೆಲ್ಲ. ಅದನ್ನು ಬೇರೆ ಯಾರೋ ಬಂದು ಹೇಳಿಬಿಟ್ಟರೆ, ಹೇಳುವುದಕ್ಕೆ ನನ್ನ ಬಳಿ ಏನೂ ಉಳಿಯುವುದಿಲ್ಲ. ಆಗ ನಾನು ಬರೀ ಉತ್ತರ ಕೊಡುವವಳಾಗುತ್ತೇನೆ.

ಅಂಗಡಿಯವರು ಬಂದರು. ನನ್ನ ಮುಖ ನೋಡಿ, ಬೀಗ ತೆಗೆಯುವ ಮೊದಲೇ, ಹೆದರಬೇಡಿ ಎಂದರು. ಒಳಗೆ ಕೂರಿಸಿ ನೀರು ಕೊಟ್ಟರು. ಆಮೇಲೆ ನಡೆದದ್ದನ್ನು ಹೇಳಿದರು.

ನಾನು ಎದ್ದು ಓಡಿದ ವೇಗ ಕಂಡೇ ಅವರಿಗೆ ಅನುಮಾನ ಬಂದಿತ್ತಂತೆ. ನೋಡಬೇಕೆಂದು ಹೊರಟಾಗ ಲ್ಯಾಮಿನೇಶನ್ ಯಂತ್ರದಲ್ಲಿ ಯಾರದ್ದೋ ಗುರುತಿನ ಚೀಟಿ ಸಿಕ್ಕಿಹಾಕಿಕೊಂಡಿತು. ಅದನ್ನು ಬಿಡಿಸುತ್ತಿರುವಾಗ ಒಬ್ಬರು ಗಂಡಸರು ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಅಜೆಕಾರಿನಿಂದ ಬಂದದ್ದು, ನಮ್ಮ ಅತ್ತಿಗೆ ಟೀಚರ್, ಮೌಲ್ಯಮಾಪನಕ್ಕೆ ಬಂದಿದ್ದಾರೆ, ಸಂಜೆ ಇಲ್ಲಿಗೆ ಬರುತ್ತಾರೆ ಎಂದು ಲಾಡ್ಜಿನವರು ಹೇಳಿದರು ಎಂದರು.

ನನ್ನ ಮೈದುನ. ಭಾನುವಾರ ರಾತ್ರಿ ಗೆಳತಿಯ ಫೋನಿನಿಂದ ಮನೆಗೆ ಮಾತಾಡಿದ್ದೆ, ಮೊಬೈಲ್ ಹಾಳಾಯಿತು ಎಂದು ಹೇಳಿದ್ದೆ. ಅತ್ತೆ ಮನೆಯಲ್ಲಿದ್ದ ಹಳೆಯ ಮೊಬೈಲನ್ನೂ ಎರಡು ಒಗೆದ ಸೀರೆಗಳನ್ನೂ ಅವನ ಕೈಯಲ್ಲಿ ಕಳುಹಿಸಿದ್ದರು. ಅತ್ತಿಗೆ ಈಗಷ್ಟೇ ಹೋದರು ಎಂದಾಗ ಅವನು, ಹೇಗೂ ಬಂದಿದ್ದೇನೆ, ಮಗಳ ಪ್ರವೇಶ ಪರೀಕ್ಷೆಯ ಹಾಲ್ ಟಿಕೆಟ್ ಮೇಲ್‌ನಲ್ಲಿ ಬಂದಿದೆ, ಮೊಬೈಲಿನಲ್ಲಿ ತೆರೆಯುವುದಿಲ್ಲ, ಪ್ರಿಂಟ್ ತೆಗೆದುಕೊಂಡು ಹೋಗುತ್ತೇನೆ ಎಂದು ನಾನು ಎದ್ದು ಹೋದ ಕುರ್ಚಿಯಲ್ಲೇ ಹೋಗಿ ಕೂತ.

ಇಮೇಲ್ ತೆರೆಯಲು ಅವನು ಬೆರಳು ಎತ್ತಿದಾಗ ಈ ಹೆಂಗಸು ಅಂಗಡಿಯ ಮುಖ್ಯ ಸ್ವಿಚ್ಚನ್ನು ಕೆಳಗೆ ಒತ್ತಿದರು.

ಫ್ಯಾನು ನಿಂತಿತು, ಯಂತ್ರಗಳು ನಿಂತವು, ಮೂರು ಪರದೆಗಳೂ ಕಪ್ಪಾದವು. ಪಕ್ಕದಲ್ಲಿ ಒಬ್ಬಳು ಅರ್ಜಿಯೊಂದನ್ನು ಮುಕ್ಕಾಲು ತುಂಬಿದ್ದಳಂತೆ, ಅದೂ ಹೋಯಿತು. ಕರೆಂಟ್ ಹೋಯಿತು, ಐದು ನಿಮಿಷ ಹೊರಗೆ ಕೂತುಕೊಳ್ಳಿ ಎಂದು ಎಲ್ಲರನ್ನೂ ಎಬ್ಬಿಸಿದರು. ದರ್ಜಿ ಅಂಗಡಿಯ ಕರೆಂಟಿನ ಹೊಲಿಗೆ ಯಂತ್ರದ ಸದ್ದು ಕೇಳುತ್ತಲೇ ಇತ್ತು, ಯಾರಿಗೂ ಅದು ಹೊಳೆಯಲಿಲ್ಲ. ಮೈದುನನಿಗೆ ಹಣ್ಣಿನ ಅಂಗಡಿಯಿಂದ ಲಿಂಬೆ ಶರಬತ್ತು ತರಿಸಿಕೊಟ್ಟರು. ಆಮೇಲೆ ಒಳಗೆ ಬಂದು ಸ್ವಿಚ್ ಹಾಕಿ, ಗೋಡೆಯ ಇಕ್ಕಟ್ಟಿನಲ್ಲಿ ತಾವೇ ನುಸುಳಿ ಕೂತು, ನನ್ನ ಖಾತೆಯನ್ನು ಮುಚ್ಚಿದರು. ಮೈದುನ ಹಾಲ್ ಟಿಕೆಟಿನ ಪ್ರಿಂಟ್ ತೆಗೆದುಕೊಂಡು, ಚೀಲವನ್ನು ಲಾಡ್ಜಿನಲ್ಲಿ ಕೊಟ್ಟು, ಕಾರ್ಕಳದ ಬಸ್ಸು ಹಿಡಿದಿದ್ದ.

ಕೊಟ್ಟ ನೀರನ್ನು ಕುಡಿದು ಮುಗಿಸಿದೆ. ಆಮೇಲೆ ಕೇಳಿದ್ದು ಸಣ್ಣ ಪ್ರಶ್ನೆ, ಕೇಳಬಾರದಿತ್ತು ಎಂದು ಈಗ ಅನ್ನಿಸುತ್ತದೆ.

"ನೀವು ಓದಿದಿರಾ?"

"ಮುಚ್ಚಬೇಕಾದರೆ ತೆರೆಯಬೇಕಲ್ಲ ಟೀಚರ್. ಒಂದು ಹೆಸರು ಕಂಡಿತು, ಒಂದು ಸಾಲು ಕಂಡಿತು. ಮರೆತೆ."

"ಯಾವ ಸಾಲು?"

"ಮರೆತೆ ಅಂದೆ ಅಲ್ವಾ."

ಅವರು ನಗಲಿಲ್ಲ, ಗಂಭೀರವಾಗಿಯೂ ಹೇಳಲಿಲ್ಲ. ಅಂಗಡಿಯಲ್ಲಿ ಒಂದು ಸರಕು ಮುಗಿದಿದೆ ಎನ್ನುವ ಹಾಗೆ ಹೇಳಿದರು. ಅದರಲ್ಲಿ ಏನೋ ಇದೆ ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಅದರಲ್ಲಿ ಎಂತ ಉಂಟು ಅಂತ ನನಗೆ ಗೊತ್ತಿರಲಿಲ್ಲ. ಎಂತ ಇಲ್ಲದಿದ್ದರೂ ಅದನ್ನೇ ಮಾಡ್ತಿದ್ದೆ. ನಿಮ್ಮದು ನಿಮ್ಮದು, ಅಷ್ಟೇ."

ಆಮೇಲೆ ಅವರು ಹೇಳಿದ್ದನ್ನು ನಾನು ಇಲ್ಲಿ ಪೂರ್ತಿ ಬರೆಯಲಾರೆ, ಅದು ನನ್ನ ಕಥೆಯಲ್ಲ. ಅಂಗಡಿ ಹಾಕಿದ ಮೊದಲ ವರ್ಷಗಳಲ್ಲಿ ಕಂಪ್ಯೂಟರುಗಳ ಮುಖ ರಸ್ತೆಯ ಕಡೆಗೇ ಇತ್ತಂತೆ. ದೂರದ ಹಳ್ಳಿಯಿಂದ ಕಾಲೇಜಿಗೆ ಬರುತ್ತಿದ್ದ ಒಬ್ಬಳು ಹುಡುಗಿ ಒಂದು ದಿನ ಹೀಗೆಯೇ ಖಾತೆ ತೆರೆದಿಟ್ಟು ಬಸ್ಸಿಗೆ ಓಡಿದಳು. ಅವಳ ಊರಿನವನೇ ಒಬ್ಬ ಅಲ್ಲಿ ಕೂತು ಓದಿದ. ಓದಿದ್ದು ಮನೆಗೆ ತಲುಪಿತು. ಹುಡುಗಿ ಮತ್ತೆ ಕಾಲೇಜಿಗೆ ಬರಲಿಲ್ಲ. ಅವಳ ಅಂಕಪಟ್ಟಿಯ ಪ್ರತಿಗಳು ತೆಗೆದುಕೊಂಡು ಹೋಗಲು ಯಾರೂ ಬಾರದೆ ತಿಂಗಳುಗಟ್ಟಲೆ ಮೇಜಿನ ಮೇಲಿದ್ದವು. "ಆ ಹೊತ್ತಿಗೆ ನಾನು ಇಲ್ಲೇ ಜೆರಾಕ್ಸ್ ತೆಗೀತಾ ಇದ್ದೆ," ಎಂದರು. ಆ ವರ್ಷವೇ ಅವರು ಮೇಜುಗಳನ್ನು ತಿರುಗಿಸಿದರಂತೆ. ಅನನುಕೂಲದ ಅಂಗಡಿ ಎಂದುಕೊಂಡಿದ್ದ ನಾನು ತಲೆ ತಗ್ಗಿಸಿ ಕೂತಿದ್ದೆ.

ಮತ್ತೆ ಕೀಪ್ಯಾಡ್ ಫೋನ್ ಬಂತು. ಸಿಮ್ ಹಾಕಿ, ಖಾತೆ ತೆರೆದು, ಎಲ್ಲೆಲ್ಲಿ ತೆರೆದುಕೊಂಡಿದೆ ಎಂದು ನೋಡುವ ಜಾಗವನ್ನು ಅವರು ಹೇಳಿಕೊಟ್ಟರು. ಎಲ್ಲ ಕಡೆಯಿಂದಲೂ ಹೊರಬರುವ ಗುಂಡಿ ಯಾವುದು, ಗುಪ್ತಪದ ಬದಲಿಸುವುದು ಎಲ್ಲಿ, ಕಂಪ್ಯೂಟರಿನ ನೆನಪನ್ನು ಅಳಿಸುವುದು ಹೇಗೆ. ಮೇಜಿನ ಆ ಬದಿಯಲ್ಲಿ ನಿಂತು, ಪರದೆ ನೋಡದೆ, ಬರೀ ಬಾಯಲ್ಲಿ ಹೇಳಿದರು. ನಾನು ಈ ಸಲ ಗೊತ್ತು ಎನ್ನಲಿಲ್ಲ. ಕೈಚೀಲದಲ್ಲಿದ್ದ ಕೆಂಪು ಶಾಯಿಯ ಪೆನ್ನಿನಿಂದ ಒಂದು ಚೀಟಿಯಲ್ಲಿ ಬರೆದುಕೊಂಡೆ. ಹೊರಡುವಾಗ ಅವರ ಕೈ ಹಿಡಿದೆ. ನಾಳೆ ಬೇಗ ಮುಗಿಯುತ್ತದಲ್ಲ ಮೌಲ್ಯಮಾಪನ, ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅವರೇ ಮಾತು ತಿರುಗಿಸಿದರು.

ಗುರುವಾರ ಮೂರೂವರೆಗೆ ಮಟ್ಟುವಿನವರು ನಾನು ಬರೆದಿದ್ದ ಹೋಟೆಲಿನ ಬಾಗಿಲಲ್ಲಿ ನಿಂತಿದ್ದರು. ಫೋಟೋದಲ್ಲಿ ಇದ್ದುದಕ್ಕಿಂತ ಕಪ್ಪು, ಎತ್ತರ ಕಡಿಮೆ. ಕೈಯಲ್ಲಿ ಚೀಲ, ಚೀಲದಲ್ಲಿ ಗುಳ್ಳ. ಬಲಗಡೆ ಕೂರುತ್ತೇನೆ ಎಂದು ಬರೆದಿದ್ದ ನಾನೇ ಗಡಿಬಿಡಿಯಲ್ಲಿ ಎಡಗಡೆ ಕೂತೆ. ತಟ್ಟೆಯ ಗೋಳಿಬಜೆ ಮುಗಿಯುವವರೆಗೆ ಅವರು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಆಮೇಲೆ ಎದ್ದು ನನ್ನ ಇನ್ನೊಂದು ಬದಿಗೆ ಬಂದು ಕೂತು, ಇಷ್ಟು ಹೊತ್ತು ಏನೂ ಕೇಳಿಲ್ಲ, ಮೊದಲಿನಿಂದ ಹೇಳಬಹುದಾ ಎಂದರು. ನಾನು ಮೊದಲಿನಿಂದ ಹೇಳಿದೆ. ಹಿಂದಿನ ಸಂಜೆ ನಡೆದದ್ದನ್ನೂ ಹೇಳಿದೆ. ಅವರು ಚಹಾದ ಲೋಟವನ್ನು ತಿರುಗಿಸುತ್ತಾ ಸುಮ್ಮನೆ ಕೇಳಿದರು. ತಮ್ಮ ಪತ್ರಗಳೂ ಅದರಲ್ಲಿದ್ದವು ಎಂಬುದು ಅವರ ಮುಖದಲ್ಲಿ ನಿಧಾನವಾಗಿ ಕಂಡಿತು.

"ಅವರಿಗೆ ನಾವು ಎಂತ ಕೊಡುವುದು?" ಎಂದು ಕೇಳಿದರು.

ಏನೂ ಕೊಡಬಾರದು ಎಂದೆ. ಕೊಟ್ಟರೆ ಅವರು ಮರೆತಿಲ್ಲ ಎಂದು ನಾವೇ ಹೇಳಿದ ಹಾಗಾಗುತ್ತದೆ. ಅವರು ಒಪ್ಪಿದರು. ‘ನಾವು’ ಎಂದದ್ದನ್ನು ಇಬ್ಬರೂ ಗಮನಿಸಿದೆವು, ಇಬ್ಬರೂ ಆ ಬಗ್ಗೆ ಮಾತಾಡಲಿಲ್ಲ.

ಶನಿವಾರ ಅಜೆಕಾರಿನಲ್ಲಿ ಅತ್ತೆಗೆ ಹೇಳಿದೆ. ಅವರು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು, ನಾನೂ ಎದುರು ಕೂತು ತೆಗೆಯುತ್ತಿದ್ದೆ. ಜೋಡಿಸಿಟ್ಟ ವಾಕ್ಯಗಳು ಯಾವುದೂ ಬರಲಿಲ್ಲ. ನನಗೆ ಒಬ್ಬರು ಪರಿಚಯವಾಗಿದ್ದಾರೆ, ಅವರನ್ನು ಮದುವೆಯಾಗಬೇಕು ಅನ್ನಿಸುತ್ತಿದೆ ಎಂದೆ. ಅವರ ಕೈ ನಿಂತಿತು. ತಮ್ಮ ತೀರಿಹೋದ ಮಗನ ಹೆಂಡತಿಯ ಬಾಯಿಂದ ಇದನ್ನು ಕೇಳುವುದು ಎಂಥದ್ದು ಎಂದು ನನಗೆ ಗೊತ್ತಿತ್ತು, ಅದಕ್ಕೇ ಆ ಕೈ ಮತ್ತೆ ಚಲಿಸುವವರೆಗೆ ನಾನು ಮಾತಾಡಲಿಲ್ಲ. ಬುಟ್ಟಿಯ ಬೀಜ ಮುಗಿದ ಮೇಲೆ ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು. "ಆರ್ ಮೀನ್ ತಿನ್ಪೆರಾ?" ಅವರು ಮೀನು ತಿನ್ನುತ್ತಾರಾ ಎಂದು. ತಿನ್ನುತ್ತಾರೆ ಎಂದೆ. ಒಳಗೆ ಹೋದರು. ಆ ದಿನ ಬೇರೆ ಮಾತಿಲ್ಲ. ಮರುದಿನ ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿದರು, ಯಾಕೆಂದು ನಾನು ಕೇಳಲಿಲ್ಲ. ಹಚ್ಚುತ್ತಾ, ಬೇರೆಯವರಿಂದ ಕೇಳಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ ಎಂದು ಮೆಲ್ಲನೆ ಹೇಳಿದರು.

ಮೈದುನ ಮೂರು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಂದು ಭಾನುವಾರ ಬೈಕ್ ಹೊರಗೆ ತೆಗೆದು, ಮಟ್ಟುವಿಗೆ ಹೋಗಿ ಬರೋಣ ಎಂದ. ಅಲ್ಲಿ ಗದ್ದೆಯ ಅಂಚಿನಲ್ಲಿ ಇಬ್ಬರೂ ಗಂಡಸರು ಗುಳ್ಳದ ಗಿಡ ಯಾಕೆ ಸೊರಗುತ್ತದೆ ಎಂಬುದರ ಬಗ್ಗೆ ಒಂದು ಗಂಟೆ ಮಾತಾಡಿದರು. ನನ್ನ ಬಗ್ಗೆ ಒಂದು ಮಾತೂ ಇಲ್ಲ. ಬರುವಾಗ ದಾರಿಯಲ್ಲಿ, ಜನ ಒಳ್ಳೆಯವರು ಎಂದ. ಅಂದು ಅಂಗಡಿಯಲ್ಲಿ ನಡೆದದ್ದನ್ನು ನಾನು ಅವನಿಗೆ ಹೇಳಿಲ್ಲ. ಇದನ್ನು ಓದಿದರೆ ಈಗ ತಿಳಿಯುತ್ತದೆ. ತಿಳಿಯಲಿ. ಅಂದು ಆ ಪತ್ರಗಳನ್ನು ಓದಿದ್ದರೆ ಅವನು ನನಗೆ ಕೆಡುಕು ಮಾಡುತ್ತಿದ್ದ ಎಂದಲ್ಲ. ಅವನೂ ಆ ಲಿಂಬೆ ಶರಬತ್ತು ಕೊಟ್ಟವರಿಗೆ ನನ್ನಷ್ಟೇ ಋಣಿ ಎಂದು ನನಗೆ ಅನ್ನಿಸುತ್ತದೆ, ಓದಬಾರದ್ದನ್ನು ಓದಿದವನ ಪಾಡಿನಿಂದ ಅವನು ತಪ್ಪಿಸಿಕೊಂಡ.

ಮದುವೆ ಸಣ್ಣದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಹಿ, ಆಮೇಲೆ ಮನೆಯವರಿಗೆ ಊಟ. ಮೂವತ್ತು ಜನರಿಗೆ ತಿಳಿಸುವ ಕಾಗದವೊಂದನ್ನು ಅಚ್ಚು ಹಾಕಿಸಲು ನಾನು ಅದೇ ಅಂಗಡಿಗೆ ಹೋದೆ. ಅವರು ತಪ್ಪು ನೋಡಲೆಂದು ಜೋರಾಗಿ ಓದಿದರು. ವರನ ಹೆಸರು ಬಂದಾಗ ನಿಲ್ಲಿಸಿ, "ಇದು ಹ್ರಸ್ವವಾ, ದೀರ್ಘವಾ?" ಎಂದು ಕೇಳಿದರು. ಆ ಹೆಸರನ್ನು ಆ ದಿನವೇ ಮೊದಲು ಕಂಡವರ ಮುಖ. ನಾನು ಆ ಮುಖವನ್ನು ಬಹಳ ಹೊತ್ತು ನೋಡಿದೆ, ಒಂದು ಎಳೆಯೂ ಅಲುಗಲಿಲ್ಲ. ದೀರ್ಘ ಎಂದೆ. ಮೊದಲ ಪ್ರತಿಯನ್ನು ಅವರಿಗೇ ಕೊಟ್ಟೆ. ಮದುವೆಗೆ ಬಂದರು, ಅತ್ತೆಯ ಪಕ್ಕ ಕೂತು ಉಂಡರು.

ಕಳೆದ ಡಿಸೆಂಬರಿನಲ್ಲಿ ನಾವಿಬ್ಬರೂ ಪ್ರವಾಸ ಹೊರಟಿದ್ದಾಗ, ದೂರದ ಒಂದು ಊರಿನ ರೈಲು ನಿಲ್ದಾಣದ ಎದುರು ಟಿಕೆಟಿನ ಪ್ರಿಂಟ್ ತೆಗೆಯಲು ಒಂದು ಅಂಗಡಿಗೆ ಹೋದೆ. ಕಂಪ್ಯೂಟರಿನ ಮುಂದೆ ಕೂತು ಇಮೇಲ್ ತೆರೆದರೆ ಬೇರೆ ಯಾರದ್ದೋ ಖಾತೆ ತೆರೆದುಕೊಂಡಿತು. ಓದದ ಪತ್ರಗಳು ದಪ್ಪ ಅಕ್ಷರದಲ್ಲಿ ಸಾಲಾಗಿ ನಿಂತಿದ್ದವು. ಮುಚ್ಚುವ ಗುಂಡಿ ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಕಣ್ಣು ಮೊದಲು ಮೇಲಿನ ಸಾಲಿಗೆ ಹೋಯಿತು. ಒಬ್ಬ ಮಗ ತಂದೆಗೆ ಬರೆದದ್ದು, ಕ್ಷಮೆ ಕೇಳಿ. ಒಂದೇ ಸಾಲು, ಆದರೆ ಓದಿದೆ. ಆಮೇಲೆ ಲಾಗ್ ಔಟ್ ಮಾಡಿ, ಕಂಪ್ಯೂಟರಿನ ನೆನಪನ್ನು ಅಳಿಸಿ, ನನ್ನ ಕೆಲಸ ಮುಗಿಸಿದೆ.

ರೈಲಿನಲ್ಲಿ ಗಂಡನಿಗೆ ಇದನ್ನು ಹೇಳಿದೆ. ಬಲಗಡೆಯೇ ಕೂತಿದ್ದೆ, ಪೂರ್ತಿ ಕೇಳಿಸಿತು. ಯಾವ ಸಾಲು ಎಂದು ಅವರು ಕೇಳಿದರು. ಹೇಳಲಿಲ್ಲ. ಆದರೆ ಮರೆಯುವುದಕ್ಕೆ ನನಗೆ ಇನ್ನೂ ಆಗಿಲ್ಲ, ಆ ತಂದೆ ಮಗನಿಗೆ ಏನು ಉತ್ತರ ಬರೆದಿರಬಹುದು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಉಡುಪಿಯ ಆ ಓಣಿಯಲ್ಲಿ ಒಬ್ಬರು ಎಷ್ಟು ಕಷ್ಟದ ಕೆಲಸವನ್ನು ನನಗಾಗಿ ಎಷ್ಟು ಸುಲಭವಾಗಿ ಮಾಡಿದರು ಎಂದು ಆಗ ತಿಳಿಯುತ್ತದೆ.